ಸಿಟಿಜನ್ ಬ್ಯಾಂಡ್ ರೇಡಿಯೊಗಳ ಸೂಕ್ಷ್ಮ ಶ್ರುತಿ ಗುಂಡಿ: ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆ ಪ್ರದೇಶದ ಅರ್ಜಿದಾರರಿಗೆ ಮಾಹಿತಿ

ವಿದೇಶದಿಂದ ಬಂಧುಗಳು ತಂದುಕೊಟ್ಟ ಅಥವಾ ಬೇರೆಯವರಿಂದ ಕೊಂಡ ಸಿಟಿಜನ್ ಬ್ಯಾಂಡ್ ರೇಡಿಯೊ ಸೆಟ್ಟನ್ನು ಬಳಸಲು ಇಚ್ಛಿಸುವ ಸಾರ್ವಜನಿಕರು, ಅರ್ಜಿ ಸಲ್ಲಿಸುವ ಮುನ್ನ ಈ ಕೆಳಗಿನ ಮಾಹಿತಿಯನ್ನು ಗಮನವಿಟ್ಟು ಓದಬೇಕಾಗಿ ಕೋರಲಾಗಿದೆ. ಎಸ್.ಎಸ್.ಬಿ. ಸೌಲಭ್ಯವುಳ್ಳ ಸೆಟ್ಟುಗಳಲ್ಲಿ 'ಕ್ಲಾರಿಫೈಯರ್' ಎಂಬ ಗುಂಡಿಯೊಂದಿರುತ್ತದೆ. ಸೆಟ್ಟು ಕಾನೂನಿನ ಮಿತಿಯೊಳಗೆ ಉಳಿಯುವುದೇ ಇಲ್ಲವೇ ಎಂಬುದು ಹಲವು ವೇಳೆ ಈ ಚಿಕ್ಕ ಗುಂಡಿಯನ್ನೇ ಅವಲಂಬಿಸಿರುತ್ತದೆ.

ಗುಂಡಿಯ ಉದ್ದೇಶ

ಸಾಧಾರಣ ಎ.ಎಂ. ಪ್ರಸಾರದಲ್ಲಿ ವಾಹಕ ತರಂಗ ಹಾಗೂ ಅದರ ಎರಡೂ ಬದಿಯ ಪಾರ್ಶ್ವಪಟ್ಟಿಗಳು ಒಟ್ಟಿಗೆ ಹೊರಡುತ್ತವೆ. ಎಸ್.ಎಸ್.ಬಿ. ವಿಧಾನದಲ್ಲಿ ವಾಹಕವನ್ನೂ ಒಂದು ಪಾರ್ಶ್ವಪಟ್ಟಿಯನ್ನೂ ತೆಗೆದುಹಾಕಿ, ಉಳಿದ ಒಂದನ್ನು ಮಾತ್ರ ಕಳುಹಿಸಲಾಗುತ್ತದೆ. ಕೈಬಿಟ್ಟ ವಾಹಕವನ್ನು ಕೇಳುವ ಸೆಟ್ಟು ತಾನೇ ಉತ್ಪಾದಿಸಿಕೊಳ್ಳಬೇಕು. ಅದು ಸರಿಯಾದ ಸ್ಥಾನದಲ್ಲಿ ಕೂರದಿದ್ದರೆ ಧ್ವನಿ ವಿಕಾರವಾಗುತ್ತದೆ. ಉದಾಹರಣೆಗೆ, ಮಾತಿನಲ್ಲಿ 200, 400, 600 ಹರ್ಟ್ಸ್‌ನ ಸ್ವರಗಳಿದ್ದು, ವ್ಯತ್ಯಾಸ 100 ಹರ್ಟ್ಸ್ ಆದರೆ, ಅವು 300, 500, 700 ಎಂದು ಕೇಳಿಬರುತ್ತವೆ. ಸ್ವರಗಳ ನಡುವಿನ ಅನುಪಾತವೇ ಕೆಡುವುದರಿಂದ, ಎಷ್ಟೇ ಜೋರಾಗಿ ಕೇಳಿದರೂ ಮಾತು ಅರ್ಥವಾಗುವುದಿಲ್ಲ. 27 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ 5 ಭಾಗದ ದೋಷವೆಂದರೆ 135 ಹರ್ಟ್ಸ್. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದ ಸೆಟ್ಟು ಬಿಸಿಯೇರುವಾಗ ಇಷ್ಟು ಜಾರುವುದು ಅಸಹಜವಲ್ಲ.

ಬಳಸುವ ಕ್ರಮ

ಗುಂಡಿಯನ್ನು ಮೊದಲು ಮಧ್ಯದಲ್ಲಿರಿಸಿ, ಮೇಲಿನ ಅಥವಾ ಕೆಳಗಿನ ಪಾರ್ಶ್ವಪಟ್ಟಿಯನ್ನು ಆರಿಸಿಕೊಳ್ಳತಕ್ಕದ್ದು. ಪಟ್ಟಿಯೇ ತಪ್ಪಾಗಿದ್ದರೆ ಗುಂಡಿಯನ್ನು ಎಷ್ಟು ತಿರುಗಿಸಿದರೂ ಮಾತು ಸ್ಪಷ್ಟವಾಗದು. ಅನಂತರ ಧ್ವನಿ ಸಹಜವಾಗುವವರೆಗೆ ನಿಧಾನವಾಗಿ ತಿರುಗಿಸಬೇಕು. ಮೇಲಿನ ಪಟ್ಟಿಯಲ್ಲಿ ಧ್ವನಿ ಕೀರಲಾಗಿ ಕೇಳಿದರೆ ತಮ್ಮ ಸೆಟ್ಟು ಕೆಳಗಿದೆ ಎಂದರ್ಥ. ಕೆಳಗಿನ ಪಟ್ಟಿಯಲ್ಲಿ ಇದಕ್ಕೆ ವಿರುದ್ಧ. ಎ.ಎಂ.ನಲ್ಲಿ ಈ ಹೊಂದಾಣಿಕೆಯ ಅಗತ್ಯವಿರುವುದಿಲ್ಲ.

ಗುಂಡಿಯ 'ಬೀಗ' ತೆಗೆಸುವ ಬಗ್ಗೆ

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಸಾಮಾನ್ಯವಾಗಿ ಈ ಗುಂಡಿಯು ಕೇಳುವ ಆವರ್ತನವನ್ನಷ್ಟೇ ಸರಿಸುತ್ತದೆ. ಪ್ರಸಾರದ ಆವರ್ತನ ಸ್ಥಿರವಾಗಿರುತ್ತದೆ. ಕೆಲವು ರಿಪೇರಿಗಾರರು ಒಳಗಿನ ತಂತಿ ಬದಲಿಸಿ ಪ್ರಸಾರವೂ ಗುಂಡಿಯೊಡನೆ ಜಾರುವಂತೆ ಮಾಡಿಕೊಡುತ್ತಾರೆ. ಇದು ಅನುಕೂಲವೆಂದು ತೋರಿದರೂ ಹಾಗಲ್ಲ. ಇಬ್ಬರು ಪರಸ್ಪರರ ಧ್ವನಿಗೆ ಹೊಂದಿಸುತ್ತ ಹೋದಂತೆ ಇಬ್ಬರ ಪ್ರಸಾರವೂ ಸ್ಥಾನ ಬಿಟ್ಟು ಸರಿಯುತ್ತದೆ, ಮೂರನೆಯವರಿಗೆ ಯಾರ ಮಾತೂ ಸಿಗುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಪಟ್ಟಿಯ ಅಂಚಿನ ಪ್ರಶ್ನೆ. 2005ರಲ್ಲಿ ಪ್ರಕಟವಾದ ನಿಯಮಗಳು 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, ಗರಿಷ್ಠ 5 ವ್ಯಾಟ್ ಪರಿಣಾಮಕಾರಿ ವಿಕಿರಣ ಶಕ್ತಿಯ, ಒಳಜೋಡಣೆಯ ಆಂಟೆನಾ ಉಳ್ಳ ಸಲಕರಣೆಗೆ ಪರವಾನಗಿಯಿಂದ ವಿನಾಯಿತಿ ನೀಡಿದವು. ಅಮೆರಿಕದ 40 ಚಾನೆಲ್ ಸೆಟ್ಟುಗಳಲ್ಲಿ 1ರಿಂದ 27ರವರೆಗಿನವು ಮಾತ್ರ ಈ ಮಿತಿಯೊಳಗೆ ಬರುತ್ತವೆ. 28ನೇ ಚಾನೆಲ್ 27.285ರಲ್ಲಿದ್ದು ಹೊರಗುಳಿಯುತ್ತದೆ. ಎಸ್.ಎಸ್.ಬಿ. ಹವ್ಯಾಸಿಗಳು ವಿದೇಶಗಳಲ್ಲಿ ಹೆಚ್ಚಾಗಿ ಬಳಸುವ 38ನೇ ಚಾನೆಲ್ 27.385ರಲ್ಲಿದೆ, ಅದು ಈ ವಿನಾಯಿತಿಯ ವ್ಯಾಪ್ತಿಯಲ್ಲಿಲ್ಲ. ಒಳಗಿರುವ 27ನೇ ಚಾನೆಲ್ ಸಹ, ಬೀಗ ತೆಗೆದ ಗುಂಡಿಯಿಂದ 5 ಕಿಲೊಹರ್ಟ್ಸ್ ಮೇಲೆ ಜಾರಿದರೆ 27.280 ಆಗುತ್ತದೆ, ಮೇಲಿನ ಪಾರ್ಶ್ವಪಟ್ಟಿಯ ಸುಮಾರು 3 ಕಿಲೊಹರ್ಟ್ಸ್ ಸೇರಿದೊಡನೆ ಧ್ವನಿ ಅಂಚನ್ನೇ ಮುಟ್ಟಿರುತ್ತದೆ. ಅಲ್ಲದೆ ಅಮೆರಿಕದಲ್ಲಿ ಎಸ್.ಎಸ್.ಬಿ.ಗೆ 12 ವ್ಯಾಟ್ ಶಿಖರ ಶಕ್ತಿಯವರೆಗೆ ಅವಕಾಶವಿರುವುದರಿಂದ, ಅಲ್ಲಿನ ಸೆಟ್ಟು ಇಲ್ಲಿ ತಾನಾಗಿಯೇ ಅರ್ಹವಾಗುವುದಿಲ್ಲ.

ಸ್ಥಳೀಯ ನಿರೀಕ್ಷೆ

ಬಂಗಾರಪೇಟೆ ಜಂಕ್ಷನ್‌ನಿಂದ ಕೋರಮಂಡಲ್, ಊರಗಾಂ, ಚಾಂಪಿಯನ್ ಮಾರ್ಗವಾಗಿ ಮಾರಿಕುಪ್ಪಂ ತಲುಪುವ ರೈಲು ಹಾದಿಯುದ್ದಕ್ಕೂ ಒಳಜೋಡಣೆಯ ಆಂಟೆನಾದಿಂದ ಸಂಪರ್ಕ ದೊರೆಯುವುದೆಂದು ಭರವಸೆ ಇಟ್ಟುಕೊಳ್ಳುವಂತಿಲ್ಲ. 2001ರಲ್ಲಿ ಮುಚ್ಚಿದ ಗಣಿಗಳ ತ್ಯಾಜ್ಯ ದಿಬ್ಬಗಳೂ ಬಂಡೆಗುಡ್ಡಗಳೂ ಅಡ್ಡ ಬರುತ್ತವೆ. ತರಂಗ ದುರ್ಬಲವಾದ ಕಡೆ ಸೂಕ್ಷ್ಮ ಶ್ರುತಿಯಿಂದ ಧ್ವನಿ ತಿಳಿಯಾಗಬಹುದು, ದೂರ ಹೆಚ್ಚದು.

ಅರ್ಜಿ ಸಲ್ಲಿಸುವವರಿಗೆ

ತಾಲ್ಲೂಕು ಕಚೇರಿಯಾಗಲಿ, ಕೆ.ಜಿ.ಎಫ್. ಪೊಲೀಸ್ ಜಿಲ್ಲಾ ಕಚೇರಿಯಾಗಲಿ ರೇಡಿಯೊ ಪರವಾನಗಿ ನೀಡುವುದಿಲ್ಲ. ಈ ವಿಷಯ ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗಕ್ಕೆ ಸೇರಿದ್ದು, ಅರ್ಜಿಗಳನ್ನು ಸರಳ ಸಂಚಾರ್ ಜಾಲತಾಣದ ಮೂಲಕ ಸಲ್ಲಿಸಬಹುದಾಗಿದೆ. ವಿನಾಯಿತಿ ಪಡೆದ ಸಲಕರಣೆಗೂ ಮಾದರಿ ಅನುಮೋದನೆ ಅಗತ್ಯ. ಒಳಭಾಗ ಮಾರ್ಪಡಿಸಿದ ಸೆಟ್ಟು ಅನುಮೋದಿತ ಮಾದರಿಯಾಗಿ ಉಳಿಯುವುದಿಲ್ಲ. 2023ರ ದೂರಸಂಪರ್ಕ ಅಧಿನಿಯಮವನ್ನು 2024ರಿಂದ ಹಂತಹಂತವಾಗಿ ಜಾರಿಗೆ ತರಲಾಗುತ್ತಿರುವ ಕಾರಣ, ಅರ್ಜಿಯ ದಿನದಂದು ಚಾಲ್ತಿಯಲ್ಲಿರುವ ಅಧಿಸೂಚನೆಯನ್ನು ನೋಡಿಕೊಂಡೇ ಸಲಕರಣೆ ಕೊಳ್ಳುವುದು ಸೂಕ್ತ. ದೂರದ ಎಸ್.ಎಸ್.ಬಿ. ಸಂಪರ್ಕದಲ್ಲಿ ನಿಜವಾದ ಆಸಕ್ತಿಯುಳ್ಳವರು ಹವ್ಯಾಸಿ ರೇಡಿಯೊ ಪರೀಕ್ಷೆಗೆ ಅರ್ಜಿ ಹಾಕುವುದು ಉತ್ತಮ. 12 ವರ್ಷ ತುಂಬಿದವರು ಇದಕ್ಕೆ ಅರ್ಹರು.