ಪೆಟ್ಟಿಗೆಯಲ್ಲಿ ಬಂದ ಓಟದ ಕಾರು

೧೯೫೭ರಲ್ಲಿ ಲಂಡನ್ನಿನ ಉತ್ತರ ಭಾಗದ ಹಾರ್ನ್ಸಿ ಎಂಬಲ್ಲಿದ್ದ ಒಂದು ಸಣ್ಣ ಕಾರ್ಖಾನೆಯು ವಿಚಿತ್ರವಾದ ಸರಕೊಂದನ್ನು ಮಾರತೊಡಗಿತು. ಅದಕ್ಕೆ ಕಾರೆಂದೇ ಹೆಸರು. ಆದರೆ ಕೊಂಡವನ ಮನೆಗೆ ಬಂದಿಳಿಯುತ್ತಿದ್ದುದು ಅಲ್ಯುಮಿನಿಯಮ್ ತಗಡು ಹೊದಿಸಿದ ಉಕ್ಕಿನ ಕೊಳವೆಗಳ ಒಂದು ಚೌಕಟ್ಟು, ಜೊತೆಗೆ ಚಕ್ರ, ಅಚ್ಚು, ಸ್ಪ್ರಿಂಗು, ತಂತಿ ಮತ್ತು ಲೆಕ್ಕವಿಲ್ಲದಷ್ಟು ಬೋಲ್ಟು ನಟ್ಟುಗಳು. ಇವನ್ನೆಲ್ಲ ಜೋಡಿಸಿ ಕಾರು ಮಾಡಿಕೊಳ್ಳುವ ಹೊಣೆ ಕೊಂಡವನದು. ‘ಲೋಟಸ್ ಸೆವೆನ್’ ಎಂಬ ಈ ಗಾಡಿಯನ್ನು ರೂಪಿಸಿದವನು ಕಾಲಿನ್ ಚ್ಯಾಪ್ಮನ್ (೧೯೨೮–೧೯೮೨). ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಈತನು ತನ್ನ ಮೊಟ್ಟಮೊದಲ ಕಾರನ್ನು ಹಳೆಯ ಆಸ್ಟಿನ್ ಸೆವೆನ್ ಗಾಡಿಯೊಂದರ ಭಾಗಗಳಿಂದ ತಾನೇ ಕಟ್ಟಿಕೊಂಡಿದ್ದನು.

ಜೋಡಿಸದ ಕಾರನ್ನು ಜನರೇಕೆ ಕೊಳ್ಳಬೇಕು? ಉತ್ತರವು ಯಂತ್ರಶಾಸ್ತ್ರದಲ್ಲಿಲ್ಲ, ತೆರಿಗೆಯ ಕಾನೂನಿನಲ್ಲಿದೆ. ಅಂದಿನ ಬ್ರಿಟನ್ನಿನಲ್ಲಿ ಸಿದ್ಧವಾದ ಕಾರಿನ ಮೇಲೆ ಭಾರಿ ಖರೀದಿ ತೆರಿಗೆ ಇದ್ದಿತು. ಬಿಡಿ ಭಾಗಗಳ ಮೇಲೆ ಇರಲಿಲ್ಲ. ಜೋಡಿಸುವ ಕ್ರಮವನ್ನು ತಿಳಿಸುವ ಪುಸ್ತಕವನ್ನು ಕೊಟ್ಟರೆ ತೆರಿಗೆ ಬೀಳುವುದೆಂದು, ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಗಿರಾಕಿಯು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುವಂತೆ ಮಾಡಿದರೆಂಬ ಕಥೆಯನ್ನು ಮೋಟಾರು ಪ್ರಿಯರು ಇಂದಿಗೂ ನಗುತ್ತ ಹೇಳುತ್ತಾರೆ. ೧೯೭೩ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಅನುಕೂಲ ಇಲ್ಲವಾಯಿತು. ಅದೇ ವರ್ಷ ಈ ಕಾರಿನ ಹಕ್ಕುಗಳು ಕೇಟರ್‌ಹ್ಯಾಮ್ ಸಂಸ್ಥೆಯ ಕೈಸೇರಿದುವು. ತೆರಿಗೆಯ ಲಾಭ ಹೋದ ಮೇಲೂ ಜನರು ಪೆಟ್ಟಿಗೆಗಳನ್ನೇ ಕೊಳ್ಳುತ್ತ ಬಂದಿದ್ದಾರೆ. ತನ್ನ ಕೈಯಿಂದ ಕಟ್ಟಿದುದನ್ನು ತಾನೇ ಓಡಿಸುವ ಸುಖಕ್ಕೆ ತೆರಿಗೆಯ ನೆಪ ಬೇಕಿಲ್ಲವೆಂದು ತೋರುತ್ತದೆ.

ಚ್ಯಾಪ್ಮನ್ನನ ಮುಖ್ಯ ತತ್ತ್ವ ಹಗುರತನ. ಮೊದಲ ಸೆವೆನ್ ಕಾರಿಗೆ ಹಾಕುತ್ತಿದ್ದ ೧,೧೭೨ ಘನ ಸೆಂಟಿಮೀಟರಿನ ಫೋರ್ಡ್ ಎಂಜಿನಿನ ಸಾಮರ್ಥ್ಯ ಸುಮಾರು ೪೦ ಅಶ್ವಶಕ್ತಿ ಮಾತ್ರ. ಆದರೆ ಕಾರಿನ ತೂಕ ೫೦೦ ಕಿಲೋಗ್ರಾಮನ್ನು ಕೂಡ ಮುಟ್ಟುತ್ತಿರಲಿಲ್ಲ. ಇಷ್ಟು ಹಗುರವಾದ ಚೌಕಟ್ಟು ಬಾಗದೆ ನಿಲ್ಲುವುದು ಹೇಗೆ? ನಾಲ್ಕು ಬಿದಿರು ಕಡ್ಡಿಗಳನ್ನು ತುದಿಗಳಲ್ಲಿ ದಾರದಿಂದ ಕಟ್ಟಿ ಒಂದು ಚೌಕವನ್ನು ಮಾಡಿ ನೋಡಿರಿ. ಮೂಲೆಯನ್ನು ಒತ್ತಿದೊಡನೆ ಅದು ಓರೆಯಾಗುತ್ತದೆ. ಒಂದು ಮೂಲೆಯಿಂದ ಎದುರು ಮೂಲೆಗೆ ಐದನೆಯ ಕಡ್ಡಿಯನ್ನು ಕಟ್ಟಿದರೆ ಎರಡು ತ್ರಿಕೋನಗಳಾಗಿ, ಆಮೇಲೆ ಎಷ್ಟು ಒತ್ತಿದರೂ ಆಕಾರ ಕೆಡುವುದಿಲ್ಲ. ಬಾಹುಗಳ ಉದ್ದ ಬದಲಾಗದ ಹೊರತು ತ್ರಿಕೋನದ ಆಕಾರ ಬದಲಾಗಲಾರದು. ಸೆವೆನ್ ಕಾರಿನ ಚೌಕಟ್ಟು ಇಂತಹ ತ್ರಿಕೋನಗಳ ಪಂಜರ. ಅದಕ್ಕೆ ರಿವೆಟ್ ಹೊಡೆದ ಅಲ್ಯುಮಿನಿಯಮ್ ತಗಡುಗಳು ಬರಿಯ ಹೊದಿಕೆಯಲ್ಲ. ಅವೂ ಚೌಕಟ್ಟಿನ ಬಿಗುವಿಗೆ ನೆರವಾಗುತ್ತವೆ.

ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ದಪ್ಪನೆಯ ಚೌಕಟ್ಟಿನಲ್ಲಿ ಒಂದು ಭಾಗ ಸೋತರೆ ಮತ್ತೊಂದು ತಡೆದೀತು. ಹಗುರವಾದ ಕಾರಿನಲ್ಲಿ ಹೆಚ್ಚಿನದೆಂಬುದು ಯಾವುದೂ ಇಲ್ಲ. ಒಂದೊಂದು ಕೀಲಿಗೂ ಪ್ರಾಣರಕ್ಷಣೆಯ ಹೊಣೆಯಿದೆ. ಇಂದು ಬ್ರಿಟನ್ನಿನಲ್ಲಿ ಮನೆಯಲ್ಲಿ ಜೋಡಿಸಿದ ಕಾರು ರಸ್ತೆಗಿಳಿಯುವ ಮುನ್ನ ಸರಕಾರದ ಪರೀಕ್ಷಕರ ಎದುರಿಗೆ ನಿಲ್ಲಬೇಕು. ಆದರೆ ರಾತ್ರಿ ಹನ್ನೊಂದು ಗಂಟೆಗೆ ಮನೆಯ ಕೊಟ್ಟಿಗೆಯಲ್ಲಿ ಸ್ಪ್ಯಾನರು ಹಿಡಿದು ಕುಳಿತವನಿಗೆ ತಾನೇ ಮೊದಲ ಪರೀಕ್ಷಕ.

ಬೋಲ್ಟನ್ನು ಬಿಗಿಯುವುದನ್ನೇ ನೋಡೋಣ. ನಟ್ಟನ್ನು ತಿರುಗಿಸಿದಂತೆಲ್ಲ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಬಿಗಿದ ಬೋಲ್ಟೆಂದರೆ ಎಳೆದು ಕಟ್ಟಿದ ಒಂದು ಸ್ಪ್ರಿಂಗು. ಎರಡು ಭಾಗಗಳನ್ನು ಒಟ್ಟಿಗೆ ಅದುಮಿ ಹಿಡಿಯುವುದು ಅದರ ಸೆಳೆತವೇ. ಕಡಮೆ ಬಿಗಿದರೆ ಭಾಗಗಳು ಅಲುಗಾಡಿ ನಟ್ಟು ಸಡಿಲಗೊಳ್ಳುತ್ತದೆ. ಮಿತಿಮೀರಿ ಬಿಗಿದರೆ ಉಕ್ಕು ಹಿಗ್ಗಿದಲ್ಲಿಯೇ ನಿಂತು, ಮರಳಿ ಎಳೆಯುವ ಗುಣವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ತಿರುಚುಬಲವನ್ನು ಅಳೆದು ತೋರಿಸುವ ಸ್ಪ್ಯಾನರು ಅಗತ್ಯ. ಬಿಗಿದಾದ ಮೇಲೆ ನಟ್ಟಿಗೂ ಅದರ ಪಕ್ಕದ ಲೋಹಕ್ಕೂ ಸೇರಿದಂತೆ ಬಣ್ಣದ ಒಂದು ಸಣ್ಣ ಗೆರೆಯನ್ನೆಳೆಯುತ್ತಾರೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆಯೆಂದು ಅರ್ಥ. ಇಷ್ಟು ಅಗ್ಗವಾದ ಎಚ್ಚರಿಕೆಯ ಸಾಧನ ಮತ್ತೊಂದಿಲ್ಲ.

ಕಾರು ಸಿದ್ಧವಾದ ಮೇಲೆ ಅದನ್ನು ಓಡಿಸಿ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಕೆಲಸವಿಲ್ಲದ ವಿಮಾನ ನಿಲ್ದಾಣಗಳು ಬಹಳವಿದ್ದುವು. ಸಿಲ್ವರ್‌ಸ್ಟೋನ್, ಗುಡ್‌ವುಡ್, ಸ್ನೆಟರ್ಟನ್ ಓಟದ ಪಥಗಳು ಹುಟ್ಟಿದುದು ಅವುಗಳಿಂದಲೇ. ಲೋಟಸ್ ಸಂಸ್ಥೆ ಕೂಡ ೧೯೬೬ರಲ್ಲಿ ಹೆಥೆಲ್ ಎಂಬಲ್ಲಿನ ಹಳೆಯ ವಿಮಾನ ನಿಲ್ದಾಣಕ್ಕೆ ಹೋಗಿ ನೆಲೆಸಿ, ಅಲ್ಲಿಯೇ ಕಾರುಗಳನ್ನು ಪರೀಕ್ಷಿಸತೊಡಗಿತು. (ಮದ್ರಾಸಿನ ಬಳಿಯ ಷೋಲಾವರಂನ ವಿಮಾನ ಪಟ್ಟಿಯಲ್ಲಿಯೂ ಹೀಗೆಯೇ ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದುವು.)

ಮೊದಲ ಸುತ್ತುಗಳು ನಿಧಾನ. ನಾಲ್ಕಾರು ಸುತ್ತುಗಳಾದ ಮೇಲೆ ಕಾರನ್ನು ನಿಲ್ಲಿಸಿ, ಅದರಡಿ ಮಲಗಿ, ಬಣ್ಣದ ಗೆರೆಗಳನ್ನೆಲ್ಲ ನೋಡಬೇಕು. ನೋಡುತ್ತ ನಿಂತವರಿಗೆ ಇದು ಬೇಸರದ ಕೆಲಸ. ಆದರೆ ಪರೀಕ್ಷೆಯ ಅರ್ಧ ಭಾಗ ಇದೇ.

ಅನಂತರ ಬ್ರೇಕಿನ ಸರದಿ. ಚಾಲಕನೂ ಸೇರಿ ೫೫೦ ಕಿಲೋಗ್ರಾಂ ತೂಗುವ ಕಾರು ಗಂಟೆಗೆ ೧೦೦ ಕಿಲೋಮೀಟರ್ ವೇಗದಿಂದ ನಿಂತರೆ, ಅದರ ಚಲನಶಕ್ತಿಯಾದ ಸುಮಾರು ೨೧೨ ಕಿಲೋಜೂಲು ಬಹುಮಟ್ಟಿಗೆ ಬ್ರೇಕುಗಳಲ್ಲಿ ಉಷ್ಣವಾಗುತ್ತದೆ. ಅರ್ಧ ಲೀಟರಿಗಿಂತಲೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಮತ್ತು ಇದೆಲ್ಲ ಮೂರು ನಾಲ್ಕು ಸೆಕೆಂಡುಗಳಲ್ಲಿ ನಡೆದುಹೋಗುತ್ತದೆ! ಎರಡರಷ್ಟು ತೂಕದ ಕಾರಿನಲ್ಲಿ ಎರಡರಷ್ಟು ಉಷ್ಣ. ತಿರುವು ತಿರುವಿಗೂ ಬ್ರೇಕೊತ್ತಿದಾಗ ಈ ಶಾಖ ಕೊಳವೆಯೊಳಗಿನ ದ್ರವಕ್ಕೂ ತಗಲುತ್ತದೆ. ಈ ದ್ರವವು ಗಾಳಿಯ ತೇವವನ್ನು ಹೀರುವಂತಹುದು. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದಿದೊಡನೆ ಅದರಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಿ ಕುಗ್ಗಿಸುವುದು ಅಸಾಧ್ಯವೆಂದೇ ಹೇಳಬಹುದು, ಆವಿಯನ್ನಾದರೋ ಸುಲಭವಾಗಿ ಕುಗ್ಗಿಸಬಹುದು. ಮೂರನೆಯ ಸುತ್ತಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಪೆಡಲು ಎಂಟನೆಯ ಸುತ್ತಿನಲ್ಲಿ ಕಾಲಡಿ ಬೆಣ್ಣೆಯಂತೆ ಜಾರಿದರೆ ಕಾರಣ ಇದು. ಕೊಳವೆಯಲ್ಲಿ ಗಾಳಿ ಉಳಿಯದಂತೆ ತೆಗೆದು, ಹೊಸ ದ್ರವವನ್ನು ತುಂಬಿದವನು ಇಲ್ಲಿ ಬದುಕುತ್ತಾನೆ.

ತಿರುವಿನ ಪರೀಕ್ಷೆಗೆ ಬೇಕಾದುದು ಒಂದು ನಿಲುಗಡಿಯಾರ ಮತ್ತು ನೆಲದ ಮೇಲೆ ಸುಣ್ಣದಲ್ಲಿ ಬರೆದ ಒಂದು ವೃತ್ತ. ವೃತ್ತದ ತ್ರಿಜ್ಯ ೫೦ ಮೀಟರ್ ಇರಲಿ. ಟೈರು ಜಾರುವ ಅಂಚಿನವರೆಗೆ ವೇಗವನ್ನು ಹೆಚ್ಚಿಸಿ ಸುತ್ತಿದಾಗ ಒಂದು ಸುತ್ತಿಗೆ ೧೬ ಸೆಕೆಂಡು ಹಿಡಿಯಿತೆನ್ನೋಣ. ಪರಿಧಿ ೩೧೪ ಮೀಟರಾದುದರಿಂದ ವೇಗ ಸೆಕೆಂಡಿಗೆ ಸುಮಾರು ೧೯.೬ ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ೭.೭, ಎಂದರೆ ಗುರುತ್ವದ ಹತ್ತರಲ್ಲಿ ಎಂಟು ಪಾಲು. ಟೈರಿನ ಹಿಡಿತದ ಮಿತಿ ಇದೇ.

ಈ ಲೆಕ್ಕದಲ್ಲಿ ಕಾರಿನ ತೂಕ ಬರಲೇ ಇಲ್ಲವೆಂಬುದನ್ನು ಜಾಣ ವಿದ್ಯಾರ್ಥಿ ಗಮನಿಸಿರಬೇಕು. ಘರ್ಷಣೆಯು ಭಾರಕ್ಕೆ ಅನುಗುಣವೆಂದು ನಾವು ಓದಿದ್ದೇವೆ, ಬೇಕಾದ ಬಲವೂ ಭಾರಕ್ಕೆ ಅನುಗುಣ, ಎರಡೂ ಹೊಡೆದುಹೋಗುತ್ತವೆ. ಹಾಗಾದರೆ ಹಗುರವಾದ ಕಾರಿಗೆ ತಿರುವಿನಲ್ಲಿ ಲಾಭವೇನು? ಗುಟ್ಟು ರಬ್ಬರಿನಲ್ಲಿದೆ. ಟೈರಿನ ಮೇಲಿನ ಭಾರವನ್ನು ಎರಡರಷ್ಟು ಮಾಡಿದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಮೆಯಾಗುತ್ತದೆ. ಪಠ್ಯಪುಸ್ತಕದ ಘರ್ಷಣೆಯ ನಿಯಮಕ್ಕೆ ರಬ್ಬರು ಪೂರ್ತಿ ತಲೆಬಾಗುವುದಿಲ್ಲ. ಆದ್ದರಿಂದ ಅದೇ ಟೈರಿನ ಮೇಲೆ ಹಗುರವಾದ ಕಾರು ಹೆಚ್ಚು ಬಿಗಿಯಾಗಿ ನೆಲವನ್ನು ಕಚ್ಚುತ್ತದೆ.

ಕಾರಿನ ನಡತೆಯನ್ನು ತಿದ್ದುವುದಕ್ಕೂ ಇದೇ ಕೀಲಿಕೈ. ತಿರುವಿನಲ್ಲಿ ಭಾರವು ಹೊರಬದಿಯ ಚಕ್ರಗಳಿಗೆ ಸರಿಯುತ್ತದೆ. ಮುಂದಿನ ವಾಲುತಡೆ ಸರಳನ್ನು ಗಡುಸಾಗಿಸಿದರೆ ಈ ಸರಿತದ ಹೆಚ್ಚು ಪಾಲು ಮುಂದಿನ ಹೊರಚಕ್ರಕ್ಕೆ ಬಿದ್ದು, ಮುಂಭಾಗದ ಒಟ್ಟು ಹಿಡಿತ ತಗ್ಗುತ್ತದೆ. ಆಗ ಚಕ್ರವನ್ನೆಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಹೋಗಬಯಸುತ್ತದೆ. ಹಿಂದಿನದು ಗಡುಸಾದರೆ ಬಾಲ ಹೊರಗೆ ಜಾರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದುದನ್ನು ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಇಡೀ ಮಧ್ಯಾಹ್ನವನ್ನು ಕಳೆಯುವವರು ಎಲ್ಲ ಪಥಗಳಲ್ಲಿಯೂ ಸಿಗುತ್ತಾರೆ.

ನೇರ ದಾರಿಯಲ್ಲಿ ಮಾತ್ರ ಸೆವೆನ್ನಿನ ಆಟ ಅಷ್ಟಾಗಿ ಸಾಗದು. ಗಾಳಿಯ ತಡೆಗೆ ತೂಕದ ಪರಿವೆಯಿಲ್ಲ. ಅದು ವೇಗದ ವರ್ಗದಂತೆ ಏರುತ್ತದೆ. ಬಯಲಿಗೆ ಚಾಚಿದ ಮುಂಚಕ್ರಗಳೂ ತೆರೆದ ಆಸನವೂ ಗಾಳಿಯನ್ನು ಸೀಳುವ ಆಕಾರಗಳಲ್ಲ. ಹಿಂದಿಕ್ಕಿ ಹೋದ ದೊಡ್ಡ ಕಾರನ್ನು ಈ ಪುಟ್ಟ ಗಾಡಿ ಮುಂದಿನ ತಿರುವಿನಲ್ಲಿ ಹಿಡಿಯುತ್ತದೆ.

ಸಂಜೆ ಪಥದ ಬಾಗಿಲು ಮುಚ್ಚುವ ಹೊತ್ತಿಗೆ, ಮನೆಗೆ ಹೊರಡುವ ಮುನ್ನ, ಕಟ್ಟಿದವನು ಮತ್ತೊಮ್ಮೆ ದೀಪ ಹಿಡಿದು ಕಾರಿನಡಿ ಮಲಗಿ ಗೆರೆಗಳನ್ನು ಒಂದೊಂದಾಗಿ ನೋಡುತ್ತಾನೆ.