ಜಕ್ಕಲಿಯ ಎರಡು ಮೆಜೆಸ್ಟಿಕ್

ರಾತ್ರಿ ನಮ್ಮ ಕಡೆಯಿಂದ ಹೊರಟ ಬಸ್ಸು ನಸುಕಿನ ಹೊತ್ತಿಗೆ ಬೆಂಗಳೂರು ಮುಟ್ಟಿತು. ‘ಮೆಜೆಸ್ಟಿಕ್ ಬಂತ್ರೀ, ಏಳ್ರೀ, ಸಾಮಾನು ನೋಡ್ಕೊಂಡು ಇಳೀರಿ’ ಎಂದು ಕಂಡಕ್ಟರ್ ಕೂಗಿದ. ಅದು ನಾನು ಕಂಡ ಮೊದಲ ಬೆಂಗಳೂರು. ಕಾಕಾನ ಬೆನ್ನು ಹತ್ತಿ ನಮ್ಮೂರು ಜಕ್ಕಲಿಯಿಂದ ಬಂದಿದ್ದೆ. ಬುತ್ತಿಯ ಗಂಟು ಬಗಲಲ್ಲಿತ್ತು, ಕಣ್ಣಲ್ಲಿ ಇನ್ನೂ ನಿದ್ದೆ ಇತ್ತು. ಇಳಿದವನೇ ಸುತ್ತಲಿನ ಬೋರ್ಡುಗಳನ್ನು ಓದತೊಡಗಿದೆ. ಎಲ್ಲಿಯೂ ಮೆಜೆಸ್ಟಿಕ್ ಎಂದು ಬರೆದಿರಲಿಲ್ಲ.

‘ಕಾಕಾ, ಬೋರ್ಡಿನ್ಯಾಗ ಕೆಂಪೇಗೌಡರ ಹೆಸರೈತಿ. ಎಲ್ಲಾರೂ ಮೆಜೆಸ್ಟಿಕ್ ಅಂತಾರಲ್ಲ, ಯಾಕ?’

‘ಮೆಜೆಸ್ಟಿಕ್ ಅಂದ್ರ ಒಂದು ಟಾಕೀಜಪಾ ತಮ್ಮಾ. ಸಂಜೀಕ ತೋರಸ್ತೀನಿ.’

ಮಾತಿಗೆ ತಪ್ಪದೆ ತೋರಿಸಿದ. ಕೆಂಪೇಗೌಡ ರಸ್ತೆಯ ಜನಜಂಗುಳಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು, ರಸ್ತೆಯ ಆಚೆ ಬದಿಯಲ್ಲೇ ನಿಂತು ಬೆರಳು ಮಾಡಿ, ‘ಅದ ನೋಡು’ ಎಂದ. ಒಳಗೆ ಹೋಗಲು ಅಂದು ಆಗಲಿಲ್ಲ. ಬಹಳ ವರ್ಷಗಳ ನಂತರ, ಕೈಯಲ್ಲಿ ದುಡ್ಡೂ ಬಿಡುವೂ ಇದ್ದಾಗ ಅದೇ ರಸ್ತೆಗೆ ಹೋದೆ. ಟಾಕೀಜು ಇರಲಿಲ್ಲ. ಆ ಜಾಗದಲ್ಲಿ ಅಂಗಡಿಗಳಿದ್ದವು. ಆದರೆ ಅವತ್ತೂ ಕಂಡಕ್ಟರುಗಳು ಮೆಜೆಸ್ಟಿಕ್ ಎಂದೇ ಕೂಗುತ್ತಿದ್ದರು. ಇವತ್ತೂ ಕೂಗುತ್ತಾರೆ. ನೆಲದಡಿಯ ಮೆಟ್ರೋ ನಿಲ್ದಾಣದ ಪೂರ್ತಿ ಹೆಸರೇ ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಬಸ್ ನಿಲ್ದಾಣಕ್ಕೆ ಕೆರೆಯ ಹೆಸರು ನಿಲ್ಲಲಿಲ್ಲ, ಪಕ್ಕದ ಟಾಕೀಜಿನ ಹೆಸರು ನಿಂತಿತು.

ಈ ಹೆಸರು ನನ್ನನ್ನು ಬಿಡಲಿಲ್ಲ. ಭಾರತದ ಮೊದಲ ವಾಕ್ಚಿತ್ರದ ಬಗ್ಗೆ ಓದುತ್ತಿದ್ದಾಗ ಅದೇ ಹೆಸರು ಮತ್ತೆ ಎದುರಾಯಿತು. 1931ರ ಮಾರ್ಚ್ 14ರಂದು ‘ಆಲಂ ಆರಾ’ ತೆರೆ ಕಂಡದ್ದು ಮುಂಬಯಿಯ ಗಿರಗಾಂವದ ಮೆಜೆಸ್ಟಿಕ್ ಸಿನೆಮಾದಲ್ಲಿ. ನಮ್ಮ ಜಕ್ಕಲಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ನಮ್ಮ ಅಜ್ಜಂದಿರಿಗೆ ರಾಜಧಾನಿ ಎಂದರೆ ಮುಂಬಯಿ, 1956ರ ನವೆಂಬರ್ 1ರ ನಂತರ ಬೆಂಗಳೂರು. ಎರಡೂ ರಾಜಧಾನಿಗಳಲ್ಲಿ ಒಂದೊಂದು ಮೆಜೆಸ್ಟಿಕ್ ಇತ್ತು. ಎರಡೂ ಇಂದು ಇಲ್ಲ.

ಮುಂಬಯಿಯ ಮೆಜೆಸ್ಟಿಕ್ಕಿನ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಒಂದು ತಂಬು. ಅಬ್ದುಲಲಿ ಯೂಸುಫಲಿ ಎಂಬ ಗುಜರಾತದ ಮನುಷ್ಯ 1901ರಲ್ಲೇ ಯಂತ್ರ, ತಂಬು, ಫಿಲ್ಮಿನ ಸುರುಳಿ ಹೊತ್ತು ಸಿಂಗಾಪುರ, ಸುಮಾತ್ರಾ, ಜಾವಾ, ಬರ್ಮಾ, ಸಿಲೋನ್ ತಿರುಗಿದವರು. ಲೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ತೋರಿದ್ದು 1896ರ ಜುಲೈ 7ರಂದು. ಅದಾಗಿ ಐದೇ ವರ್ಷಕ್ಕೆ ಇವರು ಊರೂರು ಅಲೆಯತೊಡಗಿದ್ದರು. ತಂಬಿನಲ್ಲಿ ಸುಮಾರು ಸಾವಿರ ಜನ ಕೂಡ್ರಬಹುದಿತ್ತು. ಪೂರ್ಣಾವಧಿಯ ಕಥಾಚಿತ್ರ ಆಗಿನ್ನೂ ಬಂದಿರಲಿಲ್ಲ. ಒಂದೆರಡು ನಿಮಿಷದ ಹತ್ತಾರು ತುಣುಕುಗಳನ್ನು ಒಂದಾದ ಮೇಲೊಂದು ತೋರಿಸುತ್ತಿದ್ದರು. 1908ರಿಂದ ಭಾರತದ ಊರುಗಳನ್ನು ಸುತ್ತಿದರು. 1914ರಲ್ಲಿ ಅರ್ದೇಶಿರ್ ಇರಾನಿಯವರ ಜೊತೆಗೂಡಿ ಮುಂಬಯಿಯ ಅಲೆಕ್ಸಾಂಡ್ರಾ ಥೇಟರನ್ನು ಹಿಡಿದರು, 1918ರಲ್ಲಿ ಮೆಜೆಸ್ಟಿಕ್ ಕಟ್ಟಿದರು. ಹದಿಮೂರು ವರ್ಷದ ಅಲೆದಾಟ ಕಲ್ಲು ಗಾರೆಯ ಕಟ್ಟಡವಾಗಿ ನಿಂತದ್ದು ಹೀಗೆ.

ಆ ತಂಬಿನ ಮಾತು ಓದಿದಾಗ ನನಗೆ ನಮ್ಮ ಕಡೆಯ ಜಾತ್ರೆಯ ಟೂರಿಂಗ್ ಟಾಕೀಜು ನೆನಪಾಗದೆ ಇರಲಿಲ್ಲ. ಸುಗ್ಗಿ ಮುಗಿದು, ಜೋಳದ ರಾಶಿ ಮನೆ ಸೇರಿ, ರೈತರ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ತಂಬು ಬರುತ್ತಿತ್ತು. ಹಗಲು ಎತ್ತಿನ ಗಾಡಿಗೆ ಎರಡೂ ಬದಿ ಪೋಸ್ಟರು ಕಟ್ಟಿ ಸುತ್ತಲಿನ ಹಳ್ಳಿಗಳಲ್ಲಿ ಸಾರಿಸುತ್ತಿದ್ದರು. ಸಂಜೆ ಧ್ವನಿವರ್ಧಕದಲ್ಲಿ ದೇವರ ಹಾಡು ಶುರುವಾದರೆ ಟಿಕೆಟ್ಟು ಕೊಡುತ್ತಾರೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ನಾವು ನೆಲದವರು. ಮುಂದಿನವರ ತಲೆ ಅಡ್ಡ ಬರುತ್ತದೆಂದು ಮಣ್ಣು ಬಳಿದು ಗುಡ್ಡೆ ಮಾಡಿ ಅದರ ಮೇಲೆ ಕೂಡುತ್ತಿದ್ದೆವು. ಯಂತ್ರ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗ ದೀಪ ಹತ್ತುತ್ತಿತ್ತು. ಆ ಎರಡು ನಿಮಿಷದಲ್ಲಿ ಹಾಡಿನ ಬಗ್ಗೆ, ಖಳನಾಯಕನ ಬಗ್ಗೆ ಊರಿನವರೆಲ್ಲ ಜೋರಾಗಿ ಮಾತಾಡಿ ಮುಗಿಸುತ್ತಿದ್ದರು. ಅವ್ವ, ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಕತ್ತಲಾಗುವುದನ್ನು ಕಾಯುತ್ತಿದ್ದರು.

ಮೆಜೆಸ್ಟಿಕ್ ಕಟ್ಟಿದ ಅದೇ ಅರ್ದೇಶಿರ್ ಇರಾನಿಯವರು ‘ಆಲಂ ಆರಾ’ ತಯಾರಿಸಿದ ಬಗೆಯೂ ಕೇಳುವಂಥದ್ದು. ಇರಾನಿಯವರ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲಿತ್ತು. ಹಗಲು ಗಾಡಿಗಳ ಸದ್ದು ನಿಲ್ಲುತ್ತಿರಲಿಲ್ಲ. ಹೀಗಾಗಿ ನಡುರಾತ್ರಿ ದಾಟಿ, ಗಾಡಿಗಳು ನಿಂತ ಹೊತ್ತಿನಲ್ಲಿ, ಮೈಕು ಮರೆಮಾಡಿ ಮಾತು, ಹಾಡು ಹಿಡಿದರು. ಬಿಡುಗಡೆಯ ದಿನ ಮೆಜೆಸ್ಟಿಕ್ಕಿನ ಮುಂದೆ ಜನ ಎಷ್ಟು ನೆರೆದರೆಂದರೆ ಪೊಲೀಸರು ಬರಬೇಕಾಯಿತು. ನಾಲ್ಕಾಣೆಯ ಟಿಕೆಟ್ಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಹೋಯಿತು. ಅಷ್ಟೆಲ್ಲ ಆದ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಕನ್ನಡದ ಕಥೆಯೂ ಇದೇ ದಾರಿ ಹಿಡಿಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಜಿನಲ್ಲಿ ಬಿಡುಗಡೆಯಾಯಿತು. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಿಸಿದವರು ವೈ.ವಿ. ರಾವ್. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದರು. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ. ಕಂಪನಿ ನಾಟಕದ ರಂಗದಿಂದ ಬಂದವರೇ ಈ ಚಿತ್ರದ ಬಲ. ಆಗ ಬೆಂಗಳೂರಿನಲ್ಲಿ ತಕ್ಕ ಸ್ಟುಡಿಯೋ ಇರಲಿಲ್ಲ. ಚಿತ್ರ ತೆಗೆದದ್ದು ಕೊಲ್ಲಾಪುರದಲ್ಲಿ. ನಕಾಶೆ ಬಿಡಿಸಿ ನೋಡಿ: ಜಕ್ಕಲಿಯಿಂದ ಬೆಂಗಳೂರಿಗಿಂತ ಕೊಲ್ಲಾಪುರವೇ ಹತ್ತಿರ. ಕನ್ನಡ ಸಿನೆಮಾ ಮೊದಲ ಮಾತು ಆಡಿದ್ದು ನಮ್ಮ ಮಗ್ಗುಲಲ್ಲಿ, ಚಪ್ಪಾಳೆ ಬಿದ್ದದ್ದು ಬೆಂಗಳೂರಿನಲ್ಲಿ. ಈಗ ಆ ಪ್ಯಾರಾಮೌಂಟೂ ಇಲ್ಲ, ‘ಸತಿ ಸುಲೋಚನ’ದ ಪ್ರತಿಯೂ ಇಲ್ಲ. ಅಂದಿನ ಫಿಲ್ಮು ನೈಟ್ರೇಟಿನದು, ಕಿಡಿ ತಾಗಿದರೆ ಭಗ್ಗನೆ ಉರಿಯುವಂಥದ್ದು. ಅದರಲ್ಲಿ ಬೆಳ್ಳಿಯ ಅಂಶವೂ ಇರುತ್ತಿತ್ತು. ಎಷ್ಟೋ ಹಳೆಯ ಚಿತ್ರಗಳನ್ನು ಆ ಬೆಳ್ಳಿಗಾಗಿ ಕರಗಿಸಿದರು, ಎಷ್ಟೋ ಡಬ್ಬಿಯಲ್ಲೇ ಕೊಳೆತವು.

ಬೆಂಗಳೂರಿನಲ್ಲಿ ಟಾಕೀಜುಗಳು ಬೆಳೆದದ್ದು ಎರಡು ದಿಕ್ಕಿನಲ್ಲಿ. ಬ್ರಿಟಿಷರ ಆಡಳಿತದ ದಂಡು ಪ್ರದೇಶದಲ್ಲಿ, ಇಂದಿನ ಶಿವಾಜಿನಗರದಲ್ಲಿ, ವೈಸರಾಯ್ ಹೆಸರಿನ ಎಲ್ಗಿನ್ ತೀರ ಹಳೆಯದು. ಮೂಕಿಚಿತ್ರದ ಕಾಲದಿಂದಲೂ ಅದು ನಡೆದಿತ್ತು. 1936ರಲ್ಲಿ ಪ್ಲಾಜಾ ಬಂತು. ಅಲ್ಲಿ ಇಂಗ್ಲಿಷ್ ಚಿತ್ರಗಳದೇ ಭರಾಟೆ. ಕನ್ನಡದವರು ತಮ್ಮ ಭಾಷೆಯ ಚಿತ್ರಕ್ಕೆ ಬರುತ್ತಿದ್ದುದು ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆಯ ಬದಿಗೆ. ಕ್ರಮೇಣ ಕೆಂಪೇಗೌಡ ರಸ್ತೆ ಟಾಕೀಜುಗಳ ಸಾಲೇ ಆಯಿತು: ಮೆಜೆಸ್ಟಿಕ್, ಸ್ಟೇಟ್ಸ್, ಸಾಗರ್, ಹಿಮಾಲಯ, ಅಲಂಕಾರ್, ನರ್ತಕಿ, ಸಂತೋಷ್, ತ್ರಿಭುವನ್. ಪಕ್ಕದ ಗಾಂಧಿನಗರದಲ್ಲಿ ವಿತರಕರ ಕಚೇರಿಗಳು. ನಮ್ಮ ಬಯಲುಸೀಮೆಗೆ ಮಾತ್ರ ಚಿತ್ರಗಳು ಹುಬ್ಬಳ್ಳಿಯ ವಿತರಕರ ಕೈಯಿಂದ ಬರುತ್ತಿದ್ದವು. ರೀಲು ಡಬ್ಬಿ ಬಸ್ಸಿನ ಟಾಪಿನ ಮೇಲೆ ಕೂತು ಬರುವುದನ್ನು ಕಂಡವರು ಈಗಲೂ ಇದ್ದಾರೆ.

ಈ ಸಾಲಿನಲ್ಲಿ ನನಗೆ ಹೆಚ್ಚು ಪ್ರೀತಿ ಸ್ಟೇಟ್ಸ್ ಮೇಲೆ. 1972ರಲ್ಲಿ ಬಿಡುಗಡೆಯಾದ ‘ಬಂಗಾರದ ಮನುಷ್ಯ’ ಅಲ್ಲಿ 104 ವಾರ ಓಡಿತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜಕುಮಾರರ ರಾಜೀವ. ಬರಡು ನೆಲವನ್ನು ಹಸನು ಮಾಡುವ ಕಥೆಯನ್ನು ಮಹಾನಗರದ ನಡುಮಧ್ಯದಲ್ಲಿ ಜನ ಎರಡು ವರ್ಷ ನೋಡಿದರು. ನಮ್ಮ ಕಾಕಾ ಎರೆಹೊಲದ ಒಕ್ಕಲಿಗ. ಬೆಂಗಳೂರಿಗೆ ಬಂದಾಗ ಅದನ್ನು ಸ್ಟೇಟ್ಸ್‌ನಲ್ಲೇ ನೋಡಿದ. ಊರಿಗೆ ಮರಳಿ ಒಡ್ಡು ಹಾಕಿಸುವಾಗ, ‘ಆ ಪಿಚ್ಚರಿನ್ಯಾಗ ನೋಡಿನಿ, ಕಲ್ಲು ಅಂದ್ರೂ ಬಿಡಬಾರದು’ ಎಂದು ಆಳುಗಳಿಗೆ ಹೇಳುತ್ತಿದ್ದುದು ನನ್ನ ಕಿವಿಯಲ್ಲಿದೆ. ಸ್ಟೇಟ್ಸ್ ಮುಂದೆ ಭೂಮಿಕಾ ಎಂದು ಹೆಸರು ಬದಲಿಸಿಕೊಂಡಿತು. ಆ ಚಿತ್ರಕ್ಕೆ ಎಷ್ಟು ಒಪ್ಪುವ ಹೆಸರು!

ಒಮ್ಮೆ ಪರಿಚಯದ ಆಪರೇಟರೊಬ್ಬರು ನನ್ನನ್ನು ಕ್ಯಾಬಿನ್ನಿಗೆ ಕರೆದೊಯ್ದಿದ್ದರು. ಎರಡು ಯಂತ್ರ, ಒಳಗೆ ಎದುರುಬದುರು ಎರಡು ಕಾರ್ಬನ್ ಕಡ್ಡಿ. ನಡುವಿನ ಸಣ್ಣ ಅಂತರದಲ್ಲಿ ಕಣ್ಣು ಕುಕ್ಕುವ ಬೆಳಕು. ಕಡ್ಡಿ ಉರಿದು ಸವೆದಂತೆಲ್ಲ ಹತ್ತಿರ ತರುತ್ತಿರಬೇಕು, ತಪ್ಪಿದರೆ ತೆರೆ ಮಂಕಾಗುತ್ತದೆ. ಸೆಕೆಂಡಿಗೆ 24 ಚೌಕ ಓಡುತ್ತವೆ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ತೆರೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದರೆ ಎರಡನೇ ಯಂತ್ರ ಚಾಲೂ ಮಾಡಬೇಕು, ಇನ್ನೊಂದು ಚುಕ್ಕೆಗೆ ಬೆಳಕು ಬದಲಿಸಬೇಕು. ಕೆಳಗೆ ಕೂತ ಸಾವಿರ ಜನಕ್ಕೆ ಅದು ಗೊತ್ತೇ ಆಗಬಾರದು. ‘ಪಿಚ್ಚರ್ ನಾವು ನೋಡೂದಿಲ್ಲ, ಬರೇ ಚುಕ್ಕಿ ನೋಡತೇವ್ರಿ’ ಎಂದರು ಅವರು. ಅವರ ಬನಿಯನ್ನು ಬೆವರಿನಿಂದ ತೊಯ್ದಿತ್ತು.

ಇದೇ ಬೆಳಕಿನ ದೊಡ್ಡ ಪವಾಡ ಕಂಡದ್ದು ಕಪಾಲಿಯಲ್ಲಿ. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಟಾಕೀಜದು. ಸಿನೆರಾಮಾಕ್ಕಾಗಿ ಬಾಗಿದ ಹಿರಿದಾದ ತೆರೆ ಅಲ್ಲಿತ್ತು. ಮುಂದೆ ಕನ್ನಡದ ದೊಡ್ಡ ಚಿತ್ರಗಳ ಮೊದಲ ದಿನದ ಹಬ್ಬಗಳು ನಡೆದದ್ದೂ ಅಲ್ಲೇ. ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಕಟೌಟು, ಅದಕ್ಕೆ ಹಾಲಿನ ಅಭಿಷೇಕ, ಗಾಂಧಿ ಕ್ಲಾಸಿನಿಂದ ತೂರಿಬರುವ ಚಿಲ್ಲರೆ ಕಾಸು.

ಆಮೇಲಿನದು ಬೇಗ ಹೇಳಿ ಮುಗಿಸುವ ಕಥೆ. ಮನೆಮನೆಗೆ ಟಿವಿ ಬಂತು. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಹನ್ನೊಂದು ತೆರೆಗಳ ಮಲ್ಟಿಪ್ಲೆಕ್ಸ್ ಬಂತು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಆಪರೇಟರ ಕಸುಬೇ ಹೋಯಿತು. ಕೆಂಪೇಗೌಡ ರಸ್ತೆಯಲ್ಲಿ ಟಿಕೆಟ್ಟಿನ ಗಳಿಕೆಗಿಂತ ನೆಲದ ಬೆಲೆ ನೂರು ಪಾಲು ಹೆಚ್ಚಾಯಿತು. ಕಪಾಲಿ 2017ರಲ್ಲಿ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟ ತೋರಿಸಿತು. 1974ರಲ್ಲಿ ‘ಬಂಗಾರದ ಪಂಜರ’ದೊಂದಿಗೆ ತೆರೆದ ಕಾವೇರಿ, ಐವತ್ತು ತುಂಬಿದ ವರ್ಷವೇ ಬಾಗಿಲು ಹಾಕಿತು. ಮಾಲೀಕರನ್ನು ದೂರಿ ಫಲವಿಲ್ಲ. ನಷ್ಟ ಹೊತ್ತು ಟಾಕೀಜು ನಡೆಸಿರೆಂದು ಯಾರಿಗೂ ಹೇಳಲಾಗದು. ಆದರೆ ಕೆಡವುವ ಮುನ್ನ ಒಂದು ಚಿತ್ರಪಟ, ಒಂದು ಟಿಕೆಟ್ಟು ಪುಸ್ತಕ, ಒಂದು ಯಂತ್ರ, ಒಂದು ಹೆಸರಿನ ಫಲಕವನ್ನಾದರೂ ನಾಡಿನ ಹೆಸರಲ್ಲಿ ಎತ್ತಿಡಬಹುದಿತ್ತು. ನನಗೆ ಸಿಟ್ಟು ಬರುವುದು ಇಲ್ಲಿ.

ಎತ್ತಿಡುವುದು ಹೇಗೆಂದು ನಮ್ಮೂರು ತೋರಿಸಿದೆ. ಮುಂಬಯಿ ವಿಧಾನಸಭೆಯಲ್ಲಿ ಶಾಸಕರಾಗಿದ್ದು ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರು ಜಕ್ಕಲಿಯವರು. ನಾಡು ಇನ್ನೂ ಒಂದಾಗದಿದ್ದಾಗಲೇ ಗದಗಿನ ಚಿತ್ರಕಲಾವಿದ ಸಿ.ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ರಾಜ್ಯ ಹುಟ್ಟುವ ಮೊದಲೇ ಹುಟ್ಟಿದ ಆ ಚಿತ್ರ ಜಕ್ಕಲಿಯ ದೊಡ್ಡಮೇಟಿಯವರ ಮನೆಯಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ಒಂದು ಹಳ್ಳಿಯ ಮನೆ ಏಳು ದಶಕ ಒಂದು ಪಟವನ್ನು ಕಾಯಬಲ್ಲುದಾದರೆ, ಅದೇ ನಾಡಿನ ರಾಜಧಾನಿ ತನ್ನ ಮೊದಲ ವಾಕ್ಚಿತ್ರವನ್ನಾಗಲಿ, ಅದು ಮಾತಾಡಿದ ಟಾಕೀಜನ್ನಾಗಲಿ ಕಾಯಲಾರದೆ ಹೋದದ್ದು ಸಣ್ಣ ತಪ್ಪಲ್ಲ.

ಈಗಲೂ ಕಾಲ ಮಿಂಚಿಲ್ಲ. ಮೆಜೆಸ್ಟಿಕ್, ಪ್ಯಾರಾಮೌಂಟ್, ಕಪಾಲಿ ಇದ್ದ ಜಾಗಗಳಲ್ಲಿ ಹೆಸರು, ಇಸವಿ ಕೆತ್ತಿದ ಒಂದೊಂದು ಕಲ್ಲು ನಿಲ್ಲಿಸಲು ಸರ್ಕಾರಕ್ಕೆ ದೊಡ್ಡ ಖರ್ಚಾಗದು. ಹುಬ್ಬಳ್ಳಿ, ಗದಗ, ಗಜೇಂದ್ರಗಡ, ನರೇಗಲ್ಲಿನ ಹಿರಿಯರ ಬಳಿ ಟಾಕೀಜಿನ, ತಂಬಿನ ನೆನಪು ಇನ್ನೂ ಇದೆ. ಮನೆಯ ಟ್ರಂಕಿನಲ್ಲಿ ಹಳೆಯ ಟಿಕೆಟ್ಟು, ಪೋಸ್ಟರು, ಹಾಡಿನ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಅಜ್ಜಿಯನ್ನು ಕೇಳಿ, ಆಕೆ ಮೊದಲು ನೋಡಿದ ಪಿಚ್ಚರ್ ಯಾವುದು, ಎಲ್ಲಿ ಕೂತು ನೋಡಿದಳು ಎಂದು. ಹೇಳಿದ್ದನ್ನು ಬರೆದಿಡಿ.