ಘಾಟು ರೂಢಿಯಾಗುತ್ತದೆಯೇ?

ಕುಪ್ಪೇಲೂರಿನಿಂದ ಬ್ಯಾಡಗಿಯವರೆಗೆ ಯಾವ ಮನೆಗಾದರೂ ಹೋಗಿ, ವರ್ಷದ ಖಾರಪುಡಿಗೆಂದು ಮೆಣಸಿನಕಾಯಿ ಹುರಿಯುವ ದಿನ ಓಣಿಯೆಲ್ಲ ಕೆಮ್ಮುತ್ತದೆ. ಹೊರಗಿನಿಂದ ಬಂದ ಹೊಸ ಸೊಸೆ ಕಣ್ಣೀರಿಡುತ್ತಾ ಹಿತ್ತಲಿಗೆ ಓಡುತ್ತಾಳೆ. ಅತ್ತೆ ಮಾತ್ರ ಒಲೆ ಬಿಟ್ಟು ಏಳದೆ, "ರೂಢಿ ಆಗತೈತಿ ಬಿಡವ್ವಾ" ಅನ್ನುತ್ತಾರೆ. ಈ ಮಾತು ಅರ್ಧ ನಿಜ. ಉಳಿದರ್ಧವನ್ನು ನಂಬಿ ಸುಮ್ಮನಿದ್ದರೆ ಕೆಲವರ ಜೀವಕ್ಕೇ ಕುತ್ತು ಬರಬಹುದು.

ಮೊದಲು ನಿಜವಾದ ಅರ್ಧ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಹುರಿದಾಗ ಅದರೊಳಗಿನ ಕ್ಯಾಪ್ಸೈಸಿನ್ ಹೊಗೆಯೊಂದಿಗೆ ಏರಿ ಮೂಗು, ಗಂಟಲಿನ ನರಗಳನ್ನು ಕೆಣಕುತ್ತದೆ. ಆ ನರಗಳಲ್ಲಿ ಒಂದು ಬಾಗಿಲಿದೆ. ಅಮೆರಿಕದ ಡೇವಿಡ್ ಜೂಲಿಯಸ್ ಅದನ್ನು 1997ರಲ್ಲಿ ಗುರುತಿಸಿದರು. 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತೆರೆಯುವುದೂ ಅದೇ ಬಾಗಿಲು. ಹಾಗಾಗಿ 'ಬಾಯಿ ಉರಿಯಿತು' ಎನ್ನುವುದು ಬರೀ ಮಾತಲ್ಲ, ಮೆದುಳಿಗೆ ಅದು ಬೆಂಕಿಯೇ. ಪದೇ ಪದೇ ಕೆಣಕಿದರೆ ಬಾಗಿಲು ಮೊಂಡಾಗುತ್ತದೆ. ಅತ್ತೆ ಕೆಮ್ಮದಿರುವ ಗುಟ್ಟು ಇದು.

ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ. ನೆಗಡಿ ಜ್ವರ ಬಂದು ಹೋದ ಮೇಲೆ ಕೆಮ್ಮಿನ ನರಗಳು ವಾರಗಟ್ಟಲೆ ಚುರುಕಾಗಿರುತ್ತವೆ. ಮೂವತ್ತು ವರ್ಷ ಒಲೆ ಮುಂದೆ ಕೂತವರಿಗೂ ಇದ್ದಕ್ಕಿದ್ದಂತೆ ಘಾಟು ತಡೆಯದಂತಾಗುತ್ತದೆ. ಅದನ್ನು ನಾಟಕ ಎನ್ನಬೇಡಿ.

ಉಬ್ಬಸ ಇರುವವರಿಗಂತೂ ರೂಢಿಯ ಮಾತು ಸಲ್ಲದು. ಅವರಿಗೆ ಹೊಗೆ, ಧೂಳು ಶ್ವಾಸನಾಳವನ್ನೇ ಬಿಗಿಯುತ್ತವೆ. ಬೇಕರಿಯಲ್ಲಿ ವರ್ಷಗಟ್ಟಲೆ ಹಿಟ್ಟಿನ ಧೂಳು ಕುಡಿದ ಕೆಲವರಿಗೆ ಕಾಲಕ್ರಮೇಣ ಉಬ್ಬಸವೇ ಅಂಟಿಕೊಳ್ಳುತ್ತದೆ. ಅಲ್ಲಿ ದಿನ ಕಳೆದಂತೆ ತಾಳಿಕೆ ಕಡಿಮೆಯಾಗುತ್ತದೆ.

ಇನ್ನು ನಮ್ಮ ಹಬ್ಬದ ದಿನಕ್ಕೆ ಬರೋಣ. ಅರೆತಲೆನೋವಿನ ಅಕ್ಕ ಸಾಂಬ್ರಾಣಿ ಧೂಪವನ್ನು ದೂರುತ್ತಾರೆ. ಆದರೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಅಡುಗೆ, ಬೆಳಿಗ್ಗೆ ಖಾಲಿ ಹೊಟ್ಟೆ, ಮೆರವಣಿಗೆಯ ಬಿಸಿಲು, ಆಮೇಲೆ ಧೂಪ! ಕೊಡ ಮೊದಲೇ ತುಂಬಿತ್ತು. ಧೂಪ ಕೊನೆಯ ತಂಬಿಗೆ ನೀರು. ನಿದ್ದೆ, ಊಟ ಸರಿಯಿದ್ದ ಇನ್ನೊಂದು ಭಾನುವಾರ ಅದೇ ಧೂಪ ಅವರನ್ನು ಬಾಧಿಸದಿರಬಹುದು. ಇನ್ನೊಂದು ಸಂಗತಿ: ಕೆಲವರಿಗೆ ನೋವು ಕಾಣಿಸುವ ಮೊದಲೇ ವಾಸನೆ ಸಹಿಸದಂತಾಗುತ್ತದೆ. ಆಗ ವಾಸನೆ ಕಾರಣವಲ್ಲ, ಬರಲಿರುವ ನೋವಿನ ಮುನ್ಸೂಚನೆ.

ಊಟದಲ್ಲೂ ಹೀಗೆಯೇ. ಜೋರು ಭೇದಿಯಾದ ಮೇಲೆ ಹಾಲು ಅರಗದಿದ್ದರೆ, ಹಾಲಿನ ಸಕ್ಕರೆ ಒಡೆಯುವ ಕಿಣ್ವವಿರುವ ಕರುಳಿನ ಒಳಪದರ ಸವೆದಿದೆ ಎಂದರ್ಥ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಮೊಸರು ಅದಕ್ಕಿಂತ ಬೇಗ ಒಗ್ಗುತ್ತದೆ. ಜನ್ಮಪೂರ್ತಿ ಹಾಲು ಬಿಡಬೇಕಿಲ್ಲ. ಶೇಂಗಾದ ಕಥೆ ಇನ್ನೂ ಸ್ವಾರಸ್ಯ. ಅಲರ್ಜಿಯ ಭಯವಿದ್ದ 640 ಹಸುಗೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಶೇಂಗಾ ದೂರವಿಟ್ಟ ಮಕ್ಕಳಿಗಿಂತ ಬೇಗನೆ ತಿನ್ನಿಸಿದ ಮಕ್ಕಳಲ್ಲಿ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಿತ್ತು. ಇಡೀ ಕಾಳನ್ನು ಮಾತ್ರ ಕೂಸಿನ ಬಾಯಿಗೆ ಹಾಕಬೇಡಿ, ಗಂಟಲಲ್ಲಿ ಸಿಕ್ಕೀತು.

ಎಂದಿಗೂ ಬದಲಾಗದ್ದೂ ಉಂಟು. ಸೀಲಿಯಾಕ್ ಕಾಯಿಲೆಯವರಿಗೆ ಗೋಧಿಯ ಗ್ಲೂಟೆನ್ ಕೊನೆಯವರೆಗೂ ವರ್ಜ್ಯ. ಪರಮಪ್ರಸಾದದ ರೊಟ್ಟಿಯೂ ಗೋಧಿಯದೇ. ಗ್ಲೂಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು, ಅತಿ ಕಡಿಮೆ ಇರುವುದು ಸಲ್ಲುತ್ತದೆ ಎಂದು ವ್ಯಾಟಿಕನ್ 2017ರಲ್ಲಿ ಮತ್ತೆ ತಿಳಿಸಿತು. ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು. ಇದನ್ನು ತಿಳಿಯದೆ ಹಿಂದಿನ ಬೆಂಚಿನಲ್ಲೇ ಉಳಿಯುವವರಿದ್ದರೆ ಅದು ನಮ್ಮ ತಪ್ಪು.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ಮೂಸಿದ್ದು ಮಾತ್ರವಲ್ಲ, ನಿದ್ದೆ, ಉಪವಾಸ, ಮುಟ್ಟಿನ ದಿನಗಳನ್ನೂ ಬರೆಯಿರಿ. ಅನುಮಾನ ಬಂದದ್ದನ್ನೆಲ್ಲ ಬಿಡುತ್ತಾ ಹೋದರೆ ತಟ್ಟೆಯಲ್ಲಿ ಅನ್ನ, ಉಪ್ಪು ಮಾತ್ರ ಉಳಿಯುತ್ತದೆ. ಮೈ ಚೆನ್ನಾಗಿರುವಾಗ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ನೋಡಬಹುದು. ಆದರೆ ಒಮ್ಮೆಯಾದರೂ ತುಟಿ, ನಾಲಿಗೆ ಊದಿಕೊಂಡಿದ್ದರೆ, ಉಸಿರು ಕಟ್ಟಿದ್ದರೆ, ಮೈಯೆಲ್ಲ ದದ್ದು ಎದ್ದಿದ್ದರೆ ಈ ಪ್ರಯೋಗ ಮನೆಯಲ್ಲಿ ಬೇಡವೇ ಬೇಡ. ವೈದ್ಯರ ಕಣ್ಣೆದುರೇ ಆಗಬೇಕು.

ಧೂಪದ ವಿಷಯಕ್ಕೆ ಸಂಕೋಚ ಪಡಬೇಡಿ. ಪೂಜಾವಿಧಿಯ ನಿಯಮದಲ್ಲಿ ಬಲಿಪೂಜೆಗೆ ಧೂಪ ಐಚ್ಛಿಕ, ಕಡ್ಡಾಯವಲ್ಲ. ಹಬ್ಬಕ್ಕೆ ಒಂದು ವಾರ ಮೊದಲೇ ಗುರುಗಳಿಗೆ ತಿಳಿಸಿದರೆ ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಕಡಿಮೆ ಬೀಳುತ್ತದೆ, ಕಿಟಕಿಯ ಪಕ್ಕದ ಬೆಂಚೂ ನಿಮಗೆ ಸಿಗುತ್ತದೆ.